ಎಣಿಸುವವರೂ ಸ್ಪರ್ಧಿಸುವವರೂ ಒಬ್ಬರೇ ಆದಾಗ

(ಸಂಘದ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಒಬ್ಬ ಶಾಲಾ ಮಾಸ್ತರ. ಕಾನೂನು ಓದಿದವನಲ್ಲ. ಆದರೂ ಇಂದು ಚುನಾವಣೆಯ ನಿಯಮಗಳ ಬಗ್ಗೆ ಮಾತನಾಡಲು ನಿಂತಿದ್ದೇನೆ. ಅದಕ್ಕೆ ಕಾರಣ ನಮ್ಮ ಕಾರ್ಯದರ್ಶಿ ಸಾಹೇಬರೇ. ಎರಡು ತಿಂಗಳ ಹಿಂದೆ ಅವರು ನನ್ನನ್ನು ಕರೆದು ಹೀಗೆ ಕೇಳಿದರು: "ಮಾಸ್ತರೇ, ಮುಂದಿನ ಅವಧಿಗೂ ನಿಲ್ಲಬೇಕೆಂದು ಸದಸ್ಯರು ನನಗೆ ಹೇಳುತ್ತಿದ್ದಾರೆ. ಸದಸ್ಯರ ಪಟ್ಟಿ ನನ್ನ ಬೀರುವಿನಲ್ಲಿದೆ. ಚುನಾವಣೆಯ ನೋಟಿಸಿಗೆ ಸಹಿ ಹಾಕುವವನೂ ನಾನೇ. ನಾಮಪತ್ರ ತೆಗೆದುಕೊಳ್ಳುವವನೂ ನಾನೇ. ಇದು ಸರಿಯೇ?" ಆ ದಿನ ನನ್ನ ಬಳಿ ಉತ್ತರ ಇರಲಿಲ್ಲ. ಓದಿಕೊಂಡು ಹೇಳುತ್ತೇನೆ ಎಂದಿದ್ದೆ. ಅವರು ಅದನ್ನು ಮರೆಯಲಿಲ್ಲ, ನನಗೂ ಮರೆಯಲು ಬಿಡಲಿಲ್ಲ. ಅಧಿಕಾರದಲ್ಲಿರುವವರೇ ಇಂತಹ ಪ್ರಶ್ನೆ ಕೇಳುವುದು ಅಪರೂಪ. ಆದ್ದರಿಂದ ಮೊದಲು ಅವರಿಗೆ ನನ್ನ ಶುಕ್ರಿಯಾ.

ಉತ್ತರಕ್ಕೆ ಮುನ್ನ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲಾ ಸಂಸತ್ತಿನ ಚುನಾವಣೆಗೆ ನಾನೇ ಚುನಾವಣಾಧಿಕಾರಿ. ಎಂಟನೇ ತರಗತಿಯ ಪ್ರತಿನಿಧಿ ಸ್ಥಾನಕ್ಕೆ ಇಬ್ಬರು ಹುಡುಗರು ನಿಂತಿದ್ದರು. ಅವರಲ್ಲಿ ಒಬ್ಬ ನನ್ನ ಅಕ್ಕನ ಮಗ. ಚೀಟಿಗಳನ್ನು ನಾನು ಸ್ಟಾಫ್ ರೂಮಿನಲ್ಲಿ ಒಬ್ಬನೇ ಕುಳಿತು ಎಣಿಸಿದೆ. ಸರಿಯಾಗಿ ಎಣಿಸಿದೆ, ಎರಡು ಸಲ ಎಣಿಸಿದೆ. ಅಕ್ಕನ ಮಗ ಮೂರು ಮತಗಳಿಂದ ಗೆದ್ದ. ಸೋತ ಹುಡುಗ ಸಂಜೆ ಗೇಟಿನ ಬಳಿ ನಿಂತಿದ್ದ. "ಬೇಜಾರು ಮಾಡಿಕೊಳ್ಳಬೇಡಪ್ಪಾ, ಮೂರೇ ಮತ" ಎಂದೆ. ಅವನು ತಲೆ ಎತ್ತದೆ, "ಹೌದು ಸರ್. ಆದ್ರೆ ಎಣಿಸಿದ್ದು ಅವನ ಮಾಮು ತಾನೇ?" ಎಂದ.

ನಾನು ಮೋಸ ಮಾಡಿರಲಿಲ್ಲ. ಆದರೆ ಮೋಸ ಮಾಡಿಲ್ಲ ಎಂದು ತೋರಿಸಲು ನನ್ನ ಬಳಿ ನನ್ನ ಮಾತಿನ ಹೊರತು ಏನೂ ಇರಲಿಲ್ಲ. ಗೆದ್ದವನ ಮಾಮುವಿನ ಮಾತನ್ನು ಸೋತ ಹುಡುಗ ಏಕೆ ನಂಬಬೇಕು? ಹಿತಾಸಕ್ತಿ ಸಂಘರ್ಷ ಎಂಬ ದೊಡ್ಡ ಪದದ ಅರ್ಥ ನನಗೆ ತಿಳಿದದ್ದು ಆ ಗೇಟಿನ ಬಳಿ.

ಸಂಘದ ಸದಸ್ಯರೇ, ಇದೇ ಪ್ರಶ್ನೆ ಬಹಳ ದೊಡ್ಡ ಪ್ರಮಾಣದಲ್ಲಿ ಎದುರಾಗುವ ದೇಶವೊಂದಿದೆ. ಅದು ಅಮೆರಿಕ. ನಮ್ಮಲ್ಲಿ ಚುನಾವಣೆ ನಡೆಸುವವರು ಸರ್ಕಾರಿ ನೌಕರರು. ಅವರು ಮತ ಕೇಳುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಇಡೀ ದೇಶಕ್ಕೆ ಚುನಾವಣೆ ನಡೆಸುವ ಒಂದೇ ಆಯೋಗವಿಲ್ಲ. ಸುಮಾರು 10,000 ಸ್ಥಳೀಯ ಕಚೇರಿಗಳು ಆ ಕೆಲಸ ಮಾಡುತ್ತವೆ. ನಮ್ಮ ಜಿಲ್ಲೆಯಂತೆ ಅಲ್ಲಿ ಕೌಂಟಿ ಎಂಬ ಆಡಳಿತ ಘಟಕವಿದೆ. ಅನೇಕ ಕೌಂಟಿಗಳಲ್ಲಿ ಮತದಾರರ ಪಟ್ಟಿ ಇಡುವ, ಮತಪತ್ರದ ವಿನ್ಯಾಸ ಮಾಡುವ, ಮತಗಟ್ಟೆಗಳನ್ನು ಗೊತ್ತುಪಡಿಸುವ, ಮತಗಳನ್ನು ಎಣಿಸುವ ಕ್ಲರ್ಕ್ ಅಥವಾ ಮೇಲ್ವಿಚಾರಕರನ್ನು ಜನರೇ ಚುನಾಯಿಸುತ್ತಾರೆ, ಎಷ್ಟೋ ಕಡೆ ಪಕ್ಷದ ಹೆಸರಿನಲ್ಲೇ. ಅವಧಿ ಮುಗಿದಾಗ ಅವರು ಮರುಚುನಾವಣೆಗೆ ನಿಲ್ಲುತ್ತಾರೆ. ಆಗ ಅವರೇ ಸಿದ್ಧಪಡಿಸಿದ ಮತಪತ್ರದಲ್ಲಿ ಅವರದೇ ಹೆಸರು ಇರುತ್ತದೆ. ರಾಜ್ಯಮಟ್ಟದಲ್ಲೂ ಹೀಗೆಯೇ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಮುಖ್ಯ ಚುನಾವಣಾಧಿಕಾರಿಯೂ ಚುನಾಯಿತ ವ್ಯಕ್ತಿಯೇ.

ಇದರಲ್ಲಿ ಒಂದು ಒಳ್ಳೆಯ ಅಂಶವೂ ಇದೆ. ಅಧಿಕಾರಿ ಕೆಲಸ ಕೆಡಿಸಿದರೆ ಜನರೇ ಅವರನ್ನು ಮನೆಗೆ ಕಳುಹಿಸಬಹುದು. ಆದರೆ ಅವರನ್ನು ಮನೆಗೆ ಕಳುಹಿಸುವ ಮತವನ್ನು ಎಣಿಸುವುದು ಅವರದೇ ಕಚೇರಿ.

2000ದ ಅಧ್ಯಕ್ಷೀಯ ಚುನಾವಣೆಯನ್ನು ಹಿರಿಯರು ನೆನಪಿಸಿಕೊಳ್ಳಬಹುದು. ಫ್ಲೋರಿಡಾ ರಾಜ್ಯದ ಪಾಮ್ ಬೀಚ್ ಕೌಂಟಿಯಲ್ಲಿ ಥೆರೆಸಾ ಲೆಪೋರ್ ಎಂಬ ಚುನಾಯಿತ ಮೇಲ್ವಿಚಾರಕಿ ಇದ್ದರು. ಡೆಮಾಕ್ರಟಿಕ್ ಪಕ್ಷದವರು. ವಯಸ್ಸಾದ ಮತದಾರರಿಗೆ ಅಕ್ಷರ ದೊಡ್ಡದಾಗಿ ಕಾಣಲಿ ಎಂದು ಅಭ್ಯರ್ಥಿಗಳ ಹೆಸರುಗಳನ್ನು ಎದುರುಬದುರಿನ ಎರಡು ಪುಟಗಳಲ್ಲಿ ಹಂಚಿ, ರಂಧ್ರ ಮಾಡುವ ಜಾಗವನ್ನು ನಡುವೆ ಇಟ್ಟರು. ಚಿಟ್ಟೆಯ ರೆಕ್ಕೆಯಂತಿದ್ದ ಆ ಮತಪತ್ರದಿಂದ ಜನ ಗೊಂದಲಕ್ಕೊಳಗಾದರು. ಆಲ್ ಗೋರ್ ಅವರಿಗೆ ಮತ ಹಾಕಲು ಹೋದ ಅನೇಕರು ಪ್ಯಾಟ್ ಬುಕಾನನ್ ಅವರಿಗೆ ಹಾಕಿಬಿಟ್ಟರು. ಬುಕಾನನ್ ಅವರಿಗೆ ಆ ಕೌಂಟಿಯಲ್ಲಿ ಬಂದ ಮತಗಳು 3,400ಕ್ಕೂ ಹೆಚ್ಚು. ಇಡೀ ರಾಜ್ಯದಲ್ಲಿ ಜಾರ್ಜ್ ಬುಷ್ ಗೆದ್ದ ಅಂತರ 537. ಲೆಪೋರ್ ಅವರ ತಪ್ಪಿನಿಂದ ನಷ್ಟವಾದದ್ದು ಅವರದೇ ಪಕ್ಷಕ್ಕೆ. ಅಂದರೆ ದುರುದ್ದೇಶ ಹುಡುಕಿದರೂ ಸಿಗದು. 2004ರಲ್ಲಿ ಅವರು ಮರುಚುನಾವಣೆಗೆ ನಿಂತರು. ಆ ಚುನಾವಣೆ ನಡೆಸಿದ್ದು ಅವರ ಕಚೇರಿಯೇ, ಅದರಲ್ಲಿ ಸೋತದ್ದೂ ಅವರೇ. ಪ್ರಾಮಾಣಿಕರೂ ಇಂತಹ ಕುರ್ಚಿಯಲ್ಲಿ ಕುಳಿತಿರುತ್ತಾರೆ ಎಂಬುದಕ್ಕೆ ಇದು ಸಾಕ್ಷಿ.

ಅದೇ 2000ದಲ್ಲಿ, ಅದೇ ರಾಜ್ಯದಲ್ಲಿ ನಡೆದ ಇನ್ನೊಂದು ಸಂಗತಿ ಕೇಳಿ. ಫ್ಲೋರಿಡಾದ ಫಲಿತಾಂಶವನ್ನು ಅಂತಿಮವಾಗಿ ದೃಢೀಕರಿಸುವ ಸಮಿತಿಯಲ್ಲಿ ಮೂವರು ಇರಬೇಕಿತ್ತು. ಒಬ್ಬರು ರಾಜ್ಯಪಾಲ ಜೆಬ್ ಬುಷ್, ಅಭ್ಯರ್ಥಿಯ ಸ್ವಂತ ತಮ್ಮ. ಅವರು "ನಾನು ಇಲ್ಲಿ ಕೂರುವುದಿಲ್ಲ" ಎಂದು ಹಿಂದೆ ಸರಿದರು. ಇನ್ನೊಬ್ಬರು ರಾಜ್ಯದ ಮುಖ್ಯ ಚುನಾವಣಾಧಿಕಾರಿ ಕ್ಯಾಥರೀನ್ ಹ್ಯಾರಿಸ್. ಅವರು ಫ್ಲೋರಿಡಾದಲ್ಲಿ ಬುಷ್ ಪ್ರಚಾರ ಸಮಿತಿಯ ಸಹ-ಅಧ್ಯಕ್ಷೆ. ಅವರು ಹಿಂದೆ ಸರಿಯಲಿಲ್ಲ. ಫಲಿತಾಂಶಕ್ಕೆ ಅವರೇ ಸಹಿ ಹಾಕಿದರು. ತಮ್ಮ ಎದ್ದುಹೋದ ಮೇಜಿನಲ್ಲಿ ಪ್ರಚಾರಕಿ ಉಳಿದರು. ಆ ಸಹಿ ಸರಿಯೋ ತಪ್ಪೋ ಎಂಬ ಜಗಳ ಇಂದಿಗೂ ಮುಗಿದಿಲ್ಲ.

2011ರಲ್ಲಿ ವಿಸ್ಕಾನ್ಸಿನ್ ರಾಜ್ಯದ ವಾಕೆಶಾ ಕೌಂಟಿಯಲ್ಲೂ ಹೀಗೇ ಆಯಿತು. ಅಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳನ್ನೂ ಜನ ಚುನಾಯಿಸುತ್ತಾರೆ. ಹಾಲಿ ನ್ಯಾಯಮೂರ್ತಿ ಪ್ರಾಸರ್ ಮರುಚುನಾವಣೆಗೆ ನಿಂತಿದ್ದರು. ಮೊದಲ ಎಣಿಕೆಯಲ್ಲಿ ಅವರ ಎದುರಾಳಿ 204 ಮತಗಳಿಂದ ಮುಂದಿದ್ದರು. ಎರಡು ದಿನಗಳ ನಂತರ ಕೌಂಟಿಯ ಚುನಾಯಿತ ಕ್ಲರ್ಕ್ ಕ್ಯಾಥಿ ನಿಕೊಲಸ್, ಬ್ರೂಕ್‌ಫೀಲ್ಡ್ ನಗರದ 14,000ಕ್ಕೂ ಹೆಚ್ಚು ಮತಗಳು ಲೆಕ್ಕದಲ್ಲಿ ಬಿಟ್ಟುಹೋಗಿದ್ದವು ಎಂದು ಪ್ರಕಟಿಸಿದರು. ಅವನ್ನು ಸೇರಿಸಿದರೆ ಪ್ರಾಸರ್ ಮುಂದೆ. ಈ ಕ್ಲರ್ಕ್ ಹಿಂದೊಮ್ಮೆ, ಪ್ರಾಸರ್ ಶಾಸನಸಭೆಯಲ್ಲಿ ನಾಯಕರಾಗಿದ್ದ ಕಾಲದಲ್ಲಿ, ಅದೇ ಪಕ್ಷದ ಶಾಸಕಾಂಗ ಕಚೇರಿಯಲ್ಲಿ ನೌಕರಿ ಮಾಡಿದವರು. ಮರುಎಣಿಕೆ ನಡೆಯಿತು. ಪ್ರಾಸರ್ ಸುಮಾರು 7,000 ಮತಗಳಿಂದ ಗೆದ್ದದ್ದು ಖಚಿತವಾಯಿತು. ತನಿಖೆಯಲ್ಲಿ ಇದು ಉದ್ದೇಶಪೂರ್ವಕ ಅಲ್ಲ ಎಂದೂ ಹೇಳಲಾಯಿತು. ಆದರೂ ಅನುಮಾನ ಹೋಗಲಿಲ್ಲ. ಸಂಬಂಧವಿಲ್ಲದ ಅಧಿಕಾರಿಯ ಕೈಯಲ್ಲಿ ಇದೇ ಆಗಿದ್ದರೆ ಜನ "ಮರೆತರು" ಎನ್ನುತ್ತಿದ್ದರು. ಇಲ್ಲಿ "ಮರೆತಂತೆ ಮಾಡಿದರು" ಎಂದರು.

ಇದಕ್ಕೆ ಅಲ್ಲಿಯವರು ಏನೂ ಮಾಡಿಲ್ಲವೇ? ಮಾಡಿದ್ದಾರೆ, ಒಂದೊಂದು ರಾಜ್ಯ ಒಂದೊಂದು ರೀತಿ. ಫ್ಲೋರಿಡಾದ ಕಾನೂನನ್ನು ಗಮನಿಸಿ. ಅಲ್ಲಿ ಕೌಂಟಿಯ ಮತ ಪರಿಶೀಲನಾ ಮಂಡಳಿಯಲ್ಲಿ ಮೂವರು: ಒಬ್ಬ ನ್ಯಾಯಾಧೀಶರು, ಕೌಂಟಿ ಆಯುಕ್ತರ ಮಂಡಳಿಯ ಅಧ್ಯಕ್ಷರು, ಚುನಾವಣಾ ಮೇಲ್ವಿಚಾರಕರು. ಇವರಲ್ಲಿ ಯಾರಾದರೂ ಆ ಚುನಾವಣೆಯಲ್ಲಿ ಎದುರಾಳಿ ಇರುವ ಅಭ್ಯರ್ಥಿಯಾಗಿದ್ದರೆ ಮಂಡಳಿಯಲ್ಲಿ ಕೂರುವಂತಿಲ್ಲ. ಬೇರೆ ಅಭ್ಯರ್ಥಿಯ ಪ್ರಚಾರದಲ್ಲಿ ಸಕ್ರಿಯರಾಗಿದ್ದರೂ ಕೂರುವಂತಿಲ್ಲ. ಅವರ ಜಾಗಕ್ಕೆ ಬೇರೊಬ್ಬರು ಬರಬೇಕು. ಈ ನಿಯಮ ಅಧಿಕಾರಿಗೆ ಕಳ್ಳನೆಂಬ ಹಣೆಪಟ್ಟಿ ಹಚ್ಚುವುದಿಲ್ಲ, ರಾಜೀನಾಮೆ ಕೊಡೆಂದೂ ಹೇಳುವುದಿಲ್ಲ. ಆ ಒಂದು ಕುರ್ಚಿಯಿಂದ, ಆ ಒಂದು ಸಲ ಎದ್ದೇಳಿ ಎನ್ನುತ್ತದೆ, ಅಷ್ಟೆ. ನ್ಯೂಯಾರ್ಕ್ ರಾಜ್ಯದಲ್ಲಿ ಎರಡು ದೊಡ್ಡ ಪಕ್ಷಗಳ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿ ಚುನಾವಣಾ ಮಂಡಳಿಗಳಲ್ಲಿ ಇರುತ್ತಾರೆ. ಒಬ್ಬರು ಇನ್ನೊಬ್ಬರನ್ನು ಕಾಯುತ್ತಾರೆ. ಆದರೆ ಎರಡೂ ಪಕ್ಷಕ್ಕೆ ಸೇರದವರನ್ನು ಕಾಯುವವರಾರು ಎಂಬ ಪ್ರಶ್ನೆ ಅಲ್ಲಿ ಉಳಿಯುತ್ತದೆ.

ಕೇವಲ ಹೆಸರಿಗೆ ಎದ್ದೇಳುವುದೂ ಸಾಲದು. 2018ರಲ್ಲಿ ಕಾನ್ಸಾಸ್ ರಾಜ್ಯದ ಮುಖ್ಯ ಚುನಾವಣಾಧಿಕಾರಿ ಕ್ರಿಸ್ ಕೋಬಾಕ್ ರಾಜ್ಯಪಾಲ ಹುದ್ದೆಗೆ ತಮ್ಮ ಪಕ್ಷದ ಒಳಚುನಾವಣೆಯಲ್ಲಿ ನಿಂತರು. ಅಂತರ ಕೂದಲೆಳೆಯಷ್ಟು, ಕೊನೆಗೆ ಅವರು ಗೆದ್ದದ್ದು 350ಕ್ಕಿಂತ ಕಡಿಮೆ ಮತಗಳಿಂದ. ಎದುರಾಳಿ ಒತ್ತಾಯಿಸಿದ ಮೇಲೆ ಕೋಬಾಕ್ ಹಿಂದೆ ಸರಿದು ಹೊಣೆಯನ್ನು ತಮ್ಮ ಸಹಾಯಕರಿಗೆ ವಹಿಸಿದರು. ಜನ ಕೇಳಿದರು: ಸಹಾಯಕ ಯಾರ ಕೈಕೆಳಗಿನವನು? ಅದೇ ವರ್ಷ ಜಾರ್ಜಿಯಾ ರಾಜ್ಯದಲ್ಲಿ ಬ್ರಯನ್ ಕೆಂಪ್ ಮುಖ್ಯ ಚುನಾವಣಾಧಿಕಾರಿಯಾಗಿದ್ದುಕೊಂಡೇ ರಾಜ್ಯಪಾಲ ಹುದ್ದೆಗೆ ಸ್ಪರ್ಧಿಸಿದರು. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಪತ್ರ ಬರೆದು ಆ ಹುದ್ದೆ ಬಿಡಿ ಎಂದು ಕೇಳಿಕೊಂಡರು. ಕೆಂಪ್ ಬಿಟ್ಟದ್ದು ಮತದಾನ ಮುಗಿದು ಎರಡು ದಿನಗಳಾದ ಮೇಲೆ. ಅವರು ಸುಮಾರು 55,000 ಮತಗಳಿಂದ ಗೆದ್ದರು. ಅಷ್ಟು ಅಂತರವಿದ್ದರೂ ಸೋತವರ ಕಡೆಯವರಿಗೆ ಸಮಾಧಾನವಾಗಲಿಲ್ಲ.

ಈಗ ನಮ್ಮ ದೇಶಕ್ಕೆ ಬರೋಣ. ಈ ಸಭೆಯಲ್ಲಿರುವ ಶಿಕ್ಷಕರಿಗೆಲ್ಲ ಚುನಾವಣಾ ಡ್ಯೂಟಿ ಗೊತ್ತು. ಹಿಂದಿನ ದಿನ ಮಸ್ಟರಿಂಗ್ ಕೇಂದ್ರಕ್ಕೆ ಹೋಗುವವರೆಗೆ ನಮ್ಮ ಮತಗಟ್ಟೆ ಯಾವುದೆಂದು ತಿಳಿಯುವುದಿಲ್ಲ. ಅಲ್ಲಿ ಸಾಮಗ್ರಿ ತೆಗೆದುಕೊಂಡು, ಬಸ್ಸು ಹುಡುಕಿ, ಎಂದೂ ನೋಡದ ಊರಿಗೆ ಹೋಗುತ್ತೇವೆ. ಸೊಳ್ಳೆ ಕಡಿಸಿಕೊಂಡು ಶಾಲೆಯ ಬೆಂಚಿನ ಮೇಲೆ ಮಲಗುತ್ತೇವೆ. "ನಮ್ಮೂರಿನಲ್ಲೇ ಹಾಕಿದ್ದರೆ ಏನಾಗುತ್ತಿತ್ತು?" ಎಂದು ನಾನೂ ಗೊಣಗಿದ್ದೇನೆ. ಈಗ ಅರ್ಥವಾಗುತ್ತದೆ. ಆ ಊರಿನಲ್ಲಿ ನಾನು ಯಾರ ಮಾಮುವೂ ಅಲ್ಲ. ಅದೇ ನನ್ನ ಅರ್ಹತೆ.

1951ರ ಪ್ರಜಾಪ್ರತಿನಿಧಿ ಕಾಯ್ದೆಯ 26ನೇ ಕಲಂ ಪ್ರಕಾರ, ಆ ಚುನಾವಣೆಯಲ್ಲಿ ಅಭ್ಯರ್ಥಿಯ ಪರವಾಗಿ ಕೆಲಸ ಮಾಡಿದವರನ್ನು ಮತಗಟ್ಟೆಗೆ ನೇಮಿಸುವಂತಿಲ್ಲ. 129ನೇ ಕಲಂ ಪ್ರಕಾರ, ಚುನಾವಣಾ ಕೆಲಸದಲ್ಲಿರುವವರು ತಮ್ಮ ಮತ ಚಲಾಯಿಸುವುದರ ಹೊರತು ಯಾವ ಅಭ್ಯರ್ಥಿಗೂ ನೆರವಾಗುವಂತಿಲ್ಲ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸವಾಗಬಹುದು. ಚುನಾವಣೆಗೆ ನೇರ ಸಂಬಂಧವಿರುವ ಅಧಿಕಾರಿಗಳನ್ನು ಸ್ವಂತ ಜಿಲ್ಲೆಯಲ್ಲಿ ಇರಿಸಬಾರದು, ನಾಲ್ಕು ವರ್ಷಗಳಲ್ಲಿ ಮೂರು ವರ್ಷ ಒಂದೇ ಜಿಲ್ಲೆಯಲ್ಲಿ ಕಳೆದವರನ್ನು ವರ್ಗಾಯಿಸಬೇಕು ಎಂಬುದು ಚುನಾವಣಾ ಆಯೋಗದ ಪದ್ಧತಿ. ನಮ್ಮ ರಾಜ್ಯದ ಪಂಚಾಯಿತಿ ಚುನಾವಣೆಗಳನ್ನು ಸಂವಿಧಾನದ 243ಕೆ ವಿಧಿಯಂತೆ ರಾಜ್ಯ ಚುನಾವಣಾ ಆಯೋಗ ನಡೆಸುತ್ತದೆ. ಸಹಕಾರ ಸಂಘಗಳಿಗೆ ಪ್ರತ್ಯೇಕ ಚುನಾವಣಾ ಪ್ರಾಧಿಕಾರವಿದೆ.

ಹಾಗೆಂದು ನಮ್ಮಲ್ಲಿ ಎಲ್ಲವೂ ತೀರ್ಮಾನವಾಗಿದೆ ಎನ್ನುವಂತಿಲ್ಲ. ಚುನಾವಣಾ ಆಯುಕ್ತರನ್ನು ಆರಿಸುವವರು ಯಾರು ಎಂಬುದು ದೊಡ್ಡ ಚರ್ಚೆ. 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಸಂಸತ್ತು ಕಾನೂನು ಮಾಡುವವರೆಗೆ ಪ್ರಧಾನಿ, ವಿರೋಧ ಪಕ್ಷದ ನಾಯಕರು ಮತ್ತು ಮುಖ್ಯ ನ್ಯಾಯಮೂರ್ತಿ ಇರುವ ಸಮಿತಿಯ ಸಲಹೆಯಂತೆ ನೇಮಕವಾಗಲಿ ಎಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಂದ ಕಾನೂನಿನಲ್ಲಿ ಮುಖ್ಯ ನ್ಯಾಯಮೂರ್ತಿಗಳ ಸ್ಥಾನಕ್ಕೆ ಕೇಂದ್ರ ಸಚಿವರೊಬ್ಬರು ಬಂದರು. ಆಟಗಾರರೇ ಅಂಪೈರನ್ನು ಆರಿಸಬಹುದೇ ಎಂಬ ಪ್ರಶ್ನೆ ಇಲ್ಲಿಯೂ ಜೀವಂತವಾಗಿದೆ.

ಅಂಪೈರ್ ಎಂದಾಗ ವಿದ್ಯಾರ್ಥಿಗಳ ಕಿವಿ ನೆಟ್ಟಗಾಯಿತು. 1986ರಲ್ಲಿ ಲಾಹೋರಿನಲ್ಲಿ ಪಾಕಿಸ್ತಾನ ಮತ್ತು ವೆಸ್ಟ್ ಇಂಡೀಸ್ ನಡುವೆ ಟೆಸ್ಟ್ ನಡೆಯಿತು. ಅದಕ್ಕೆ ಅಂಪೈರ್‌ಗಳಾಗಿ ಹೋದವರು ಭಾರತದ ವಿ.ಕೆ. ರಾಮಸ್ವಾಮಿ ಮತ್ತು ಪೀಲೂ ರಿಪೋರ್ಟರ್. ಪಾಕಿಸ್ತಾನದಲ್ಲಿ ಒಳ್ಳೆಯ ಅಂಪೈರ್‌ಗಳು ಇರಲಿಲ್ಲವೆಂದಲ್ಲ. ಗೆದ್ದರೆ ಅಂಪೈರ್‌ನಿಂದ ಗೆದ್ದರು ಎಂಬ ಮಾತು ಬರಬಾರದೆಂದು. 2002ರ ಹೊತ್ತಿಗೆ ಟೆಸ್ಟ್ ಪಂದ್ಯಗಳಲ್ಲಿ ಇಬ್ಬರೂ ಅಂಪೈರ್‌ಗಳು ಹೊರದೇಶದವರೇ ಇರಬೇಕೆಂಬುದು ಪದ್ಧತಿಯಾಯಿತು. ತಟಸ್ಥ ಅಂಪೈರ್ ಬಂದದ್ದರಿಂದ ಗೆದ್ದವರ ಗೆಲುವಿಗೂ ಗೌರವ ಬಂತು.

ನಾನು ಎರಡು ಭಾಷೆ ಕಲಿಸುವವನು. ಎರಡರಲ್ಲೂ ಈ ವಿಷಯಕ್ಕೆ ಗಾದೆ ಇದೆ. ಉರ್ದುವಿನಲ್ಲಿ, ಕುರುಡ ರೇವಡಿ ಹಂಚಿದರೆ ತಿರುತಿರುಗಿ ತನ್ನವರಿಗೇ ಕೊಡುತ್ತಾನೆ ಎನ್ನುತ್ತಾರೆ. ಕನ್ನಡದಲ್ಲಿ, ಬಡಿಸುವವ ನಮ್ಮವನಾದರೆ ಕಡೇ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎನ್ನುತ್ತೇವೆ. ಇನ್ನೊಂದು ಪದವನ್ನೂ ನೋಡಿ: ಅಮಾನತ್. ಉರ್ದುವಿನಲ್ಲಿ ಇದರ ಅರ್ಥ, ನಂಬಿಕೆಯಿಂದ ಒಬ್ಬರ ಕೈಗೆ ಒಪ್ಪಿಸಿದ ವಸ್ತು. ಅದೇ ಪದ ಕನ್ನಡಕ್ಕೆ ಬಂದು ಅಮಾನತು ಆಯಿತು. ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು ಎಂಬ ಅರ್ಥ ಪಡೆಯಿತು. ಪಾಠ ಮಾಡುವಾಗ ಮಕ್ಕಳು ನಗುತ್ತಾರೆ: ಒಂದೇ ಪದ, ಒಂದು ಕಡೆ ಮರ್ಯಾದೆ, ಇನ್ನೊಂದು ಕಡೆ ಶಿಕ್ಷೆ! ಆದರೆ ಚುನಾವಣೆಯ ಹೊತ್ತಿನಲ್ಲಿ ಈ ಎರಡು ಅರ್ಥಗಳೂ ಒಂದಾಗುತ್ತವೆ. ಅಧಿಕಾರ ಸದಸ್ಯರು ನಮ್ಮಲ್ಲಿಟ್ಟ ಅಮಾನತ್. ಮತ್ತೆ ಅದನ್ನೇ ಕೇಳಲು ಹೊರಟಾಗ ಕೆಲವು ದಿನ ಅದನ್ನು ಅಮಾನತ್ತಿನಲ್ಲಿಡಬೇಕು, ಅಂದರೆ ಬೇರೆಯವರ ಕೈಯಲ್ಲಿಡಬೇಕು. ಇದು ಶಿಕ್ಷೆಯಲ್ಲ, ಅಮಾನತ್ತಿನ ಮರ್ಯಾದೆ.

ಈಗ ಕಾರ್ಯದರ್ಶಿ ಸಾಹೇಬರ ಪ್ರಶ್ನೆಗೆ ನನ್ನ ಉತ್ತರ. ನಮ್ಮಂತಹ ನೋಂದಾಯಿತ ಸಂಘಗಳ ಚುನಾವಣೆ ನಡೆಯುವುದು ಬಹುಮಟ್ಟಿಗೆ ನಮ್ಮದೇ ಉಪನಿಯಮಗಳ ಪ್ರಕಾರ. ಜಿಲ್ಲಾಧಿಕಾರಿಗಳು ಬಂದು ಮತಪೆಟ್ಟಿಗೆ ಇಡುವುದಿಲ್ಲ. ಆದ್ದರಿಂದ ನಿಯಮ ಮಾಡಿಕೊಳ್ಳಬೇಕಾದವರು ನಾವೇ. ಐದು ಸಲಹೆಗಳನ್ನು ಸಭೆಯ ಮುಂದಿಡುತ್ತೇನೆ.

ಮೊದಲನೆಯದು, ಸದಸ್ಯರ ಪಟ್ಟಿ. ಚುನಾವಣೆಯ ಅರ್ಧ ಜಗಳ ಇರುವುದು ಇಲ್ಲಿಯೇ. ಯಾರ ಚಂದಾ ಬಾಕಿ, ಯಾರ ಹೆಸರು ಬಿಟ್ಟುಹೋಗಿದೆ, ಕೊನೆಯ ವಾರ ಸೇರಿದ ಹೊಸ ಸದಸ್ಯರು ಯಾರು? ಚುನಾವಣೆಗೆ ಸಾಕಷ್ಟು ದಿನ ಮೊದಲೇ ಪಟ್ಟಿಯನ್ನು ನಿಲ್ಲಿಸಿ, ನೋಟಿಸ್ ಬೋರ್ಡಿಗೆ ಹಾಕಿ, ಆಕ್ಷೇಪಣೆಗೆ ಸಮಯ ಕೊಡಬೇಕು. ಆಕ್ಷೇಪಣೆ ತೀರ್ಮಾನಿಸುವವರು ಸ್ಪರ್ಧಿಗಳಾಗಿರಬಾರದು.

ಎರಡನೆಯದು, ಚುನಾವಣಾಧಿಕಾರಿ. ನಿಲ್ಲದವರು, ನಿಂತವರ ಹತ್ತಿರದ ಸಂಬಂಧಿಯೂ ಅಲ್ಲದವರು ಆಗಿರಬೇಕು. ಹಾಗೆಂದು ಅವರು ಬರೆದುಕೊಡಬೇಕು. ಮೂರನೆಯದು, ಅಭ್ಯರ್ಥಿಯ ಕೈಕೆಳಗೆ ಕೆಲಸ ಮಾಡುವವರಿಗೆ, ಅಂದರೆ ನಮ್ಮ ಕಚೇರಿ ಸಿಬ್ಬಂದಿಗೆ, ಈ ಹೊಣೆ ವಹಿಸಬಾರದು. ಕಾನ್ಸಾಸಿನ ಸಹಾಯಕರ ಕತೆ ನೆನಪಿರಲಿ. ನಾಲ್ಕನೆಯದು, ಎಣಿಕೆ ಎಲ್ಲರೆದುರು ನಡೆಯಬೇಕು. ಮತಗಟ್ಟೆಯಲ್ಲಿ ನಾವು ಏಜೆಂಟರ ಮುಂದೆ ಅಣಕು ಮತದಾನ ಮಾಡಿ ತೋರಿಸುತ್ತೇವೆ. ಮುಗಿದ ಮೇಲೆ 17ಸಿ ನಮೂನೆಯ ಪ್ರತಿ ಕೊಡುತ್ತೇವೆ. ಹಾಗೆಯೇ ಇಲ್ಲಿಯೂ ಎರಡೂ ಕಡೆಯವರ ಸಹಿ ಇರುವ ಲೆಕ್ಕದ ಪ್ರತಿ ಎಲ್ಲರಿಗೂ ಸಿಗಲಿ, ಮತಚೀಟಿಗಳನ್ನು ಮೊಹರು ಮಾಡಿ ಕಾಪಾಡಲಿ.

ಐದನೆಯದು ಸ್ವಲ್ಪ ಕಹಿ. ನೋಟಿಸ್ ಹೊರಟ ದಿನದಿಂದ ಚುನಾವಣೆ ಮುಗಿಯುವವರೆಗೆ ಸ್ಪರ್ಧಿಸುವ ಪದಾಧಿಕಾರಿಗಳು ಹೊಸ ವಿದ್ಯಾರ್ಥಿವೇತನ, ಹೊಸ ನೇಮಕಾತಿ ಪ್ರಕಟಿಸಬಾರದು. ಮಕ್ಕಳ ಫೀಸು ಕಟ್ಟುವಂತಹ ನಿತ್ಯದ ಕೆಲಸ ನಿಲ್ಲಬಾರದು. ಆದರೆ ಸಂಘದ ಹಣದ ಚೆಕ್ಕು ಯಾರ ಕೈಯಿಂದ ಹೋದರೂ ಅದು ಮತ ಕೇಳುವ ಕೈಯಾಗಿ ಕಾಣಬಾರದು.

ಕೆಲವರು ಹೇಳಬಹುದು: "ಮಾಸ್ತರೇ, ನಮ್ಮೂರಿನಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಬೀಗರೇ, ನೆಂಟರೇ. ಸಂಬಂಧವಿಲ್ಲದವರನ್ನು ಎಲ್ಲಿಂದ ತರೋಣ?" ಪಕ್ಕದ ತಾಲ್ಲೂಕಿನಿಂದ ತರೋಣ. ಅಲ್ಲಿಯ ಸಂಘದ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು ನಮ್ಮ ಚುನಾವಣೆ ನಡೆಸಲಿ, ಇಲ್ಲಿಯವರೊಬ್ಬರು ಅವರದ್ದು ನಡೆಸಲಿ. ಖರ್ಚು ಬಸ್ ಚಾರ್ಜು ಮತ್ತು ಒಂದು ಊಟ.

ಇನ್ನು ಕೆಲವು ಹಿರಿಯರಿಗೆ ನೋವಾಗಬಹುದು: "ಮೂವತ್ತು ವರ್ಷ ಈ ಸಂಘಕ್ಕೆ ದುಡಿದೆವು, ನಮ್ಮ ಮೇಲೆ ಭರವಸೆ ಇಲ್ಲವೇ?" ಹಿರಿಯರೇ, ನಿಮ್ಮ ಮೇಲೆ ಭರವಸೆ ಇದೆ. ಈ ನಿಯಮ ನಿಮ್ಮ ಪ್ರಾಮಾಣಿಕತೆಯನ್ನು ಅನುಮಾನಿಸಲು ಅಲ್ಲ, ಅದನ್ನು ಕಾಪಾಡಲು. ಮೋಸಗಾರನಿಗೆ ನಿಯಮ ಒಂದು ಅಡ್ಡಿ ಮಾತ್ರ. ಪ್ರಾಮಾಣಿಕನಿಗೆ ಅದು ಸಾಕ್ಷಿ. ನೀವು ಗೆದ್ದಾಗ ನಿಮ್ಮ ಪರವಾಗಿ ಮಾತನಾಡುವ ಸಾಕ್ಷಿ. ಆ ದಿನ ಗೇಟಿನ ಬಳಿ ನನಗೆ ಇಲ್ಲದಿದ್ದದ್ದು ಅದೇ. ಚುನಾವಣೆಯಲ್ಲಿ ಸೋತವರು ಸಂಘ ಬಿಟ್ಟು ಹೋಗಿ ಇನ್ನೊಂದು ಬೋರ್ಡು ತೂಗುಹಾಕುವುದನ್ನು ನಾವೆಲ್ಲ ಅನೇಕ ಊರುಗಳಲ್ಲಿ ನೋಡಿದ್ದೇವೆ. ನಷ್ಟವಾಗುವುದು ಮಕ್ಕಳಿಗೆ. ಒಂದು ಹಾಸ್ಟೆಲ್ ಕಟ್ಟಬಹುದಾದ ಹಣ ಎರಡು ಕಡೆ ವಕೀಲರ ಫೀಸಾಗುತ್ತದೆ.

ಆ ಹುಡುಗನ ಕತೆ ಮುಗಿಸಿ ನನ್ನ ಮಾತು ಮುಗಿಸುತ್ತೇನೆ. ಮರುವರ್ಷ ಶಾಲಾ ಚುನಾವಣೆಗೆ ಮುನ್ನ ನಾನು ಮುಖ್ಯೋಪಾಧ್ಯಾಯರ ಬಳಿ ಹೋಗಿ, ನನ್ನ ಸಂಬಂಧಿ ಸ್ಪರ್ಧಿಸುತ್ತಿದ್ದಾನೆ, ನನಗೆ ಈ ಹೊಣೆ ಬೇಡ ಎಂದೆ. ಗಣಿತದ ಮೇಡಂ ಚುನಾವಣೆ ನಡೆಸಿದರು. ಚೀಟಿಗಳನ್ನು ತರಗತಿಯಲ್ಲೇ ತೆರೆದು, ಕಪ್ಪು ಹಲಗೆಯ ಮೇಲೆ ಗೆರೆ ಎಳೆದು ಎಣಿಸಿದರು. ಅದೇ ಇಬ್ಬರು ಹುಡುಗರು. ಈ ಸಲವೂ ಅವನೇ ಸೋತ, ಹನ್ನೊಂದು ಮತಗಳಿಂದ. ಸಂಜೆ ಅದೇ ಗೇಟಿನ ಬಳಿ ಸಿಕ್ಕಿದ. ನಾನು ಏನೂ ಹೇಳಲಿಲ್ಲ. ಅವನೇ ಹೇಳಿದ: "ಹೋದ ಸಲ ನನ್ನ ಸೋಲಿಸಿದ್ರು ಅನ್ನಿಸಿತ್ತು ಸರ್. ಈ ಸಲ ನಾನೇ ಸೋತೆ."

ನಮ್ಮ ಸಂಘದ ಮುಂದಿನ ಚುನಾವಣೆಯಲ್ಲಿ ಯಾರು ಗೆದ್ದರೂ, ಸೋತವರು ಇಷ್ಟು ಹೇಳುವಂತಾದರೆ ಸಾಕು.